ಮೂವತ್ತಕ್ಕೆ ಒಂಬತ್ತು

ಕಳೆದ ತಿಂಗಳು ಒಂದು ಕೋರ್ಸಿನ ಪರೀಕ್ಷೆ ನಡೆಸಲೆಂದು ಕೊಪ್ಪಳಕ್ಕೆ ಹೋಗಿದ್ದೆ. ಹತ್ತು ಗಂಟೆಗೆ ಪರೀಕ್ಷೆ. ನಾನು ಒಂಬತ್ತೂವರೆಗೇ ಹೋಗಿ ತರಬೇತಿ ಹಾಲ್‌ನ ಬಾಗಿಲಲ್ಲಿ ನಿಂತಿದ್ದೆ. ಜವಾನ ಕುರ್ಚಿಗಳ ಧೂಳು ಹೊಡೆದ, ಮೇಜಿಗೆ ಹಸಿರು ಬಟ್ಟೆ ಹಾಸಿದ, ಕೊನೆಗೆ ಕಿಟಕಿಯ ಕಟ್ಟೆಯ ಮೇಲಿದ್ದ ಒಂದು ಡಬ್ಬಿ ತೆಗೆದುಕೊಂಡು ನಾಲ್ಕೂ ಮೂಲೆಗೆ ಪುಸ್ ಪುಸ್ ಎಂದು ಹೊಡೆದ. ಮಲ್ಲಿಗೆಯ ವಾಸನೆ. ಮಲ್ಲಿಗೆಯದಲ್ಲ, ಡಬ್ಬಿ ತಯಾರಿಸಿದವರು ಮಲ್ಲಿಗೆ ಎಂದುಕೊಂಡಿರುವ ಯಾವುದೋ ದ್ರವದ ವಾಸನೆ. ಗಂಟಲಿಗೆ ಅಂಟಿಕೊಳ್ಳುವ, ಸಿಹಿಸಿಹಿಯಾದ ಹೊಲಸು ವಾಸನೆ.  ಹೊರಗೆ ಓಡಿ, ಬೇವಿನ ಮರದ ಬುಡದಲ್ಲಿ ಬಗ್ಗಿ, ಬೆಳಗಿನ ಚಹಾ ಅಷ್ಟನ್ನೂ ಕಾರಿಕೊಂಡೆ.

ಜವಾನ ಗಾಬರಿಯಿಂದ ತಂಬಿಗೆಯಲ್ಲಿ ನೀರು ತಂದ. "ಏನಾತ್ರಿ ಮೇಡಂ, ಪಿತ್ತ ಏನ್ರಿ?" ಎಂದ. ಹೌದು, ಪಿತ್ತ ಎಂದೆ. ಹದಿನೈದು ವರ್ಷಕ್ಕೂ ಮಿಕ್ಕಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು ನಾನು. ಕೀವು, ರಕ್ತ, ಹೇಲು, ಉಚ್ಚೆ, ಹುಳ ಬಿದ್ದ ಗಾಯ, ಯಾವುದಕ್ಕೂ ಮೂಗು ಮುಚ್ಚಿಕೊಂಡವಳಲ್ಲ. ಅವುಗಳಿಗೆ ಬಾರದ ವಾಕರಿಕೆ ಈ ಡಬ್ಬಿಯ ಮಲ್ಲಿಗೆಗೆ ಬರುತ್ತದೆ. ಯಾಕೆ ಬರುತ್ತದೆಂದು ನನಗೆ ಗೊತ್ತಿದೆ. ಜವಾನನಿಗೆ ಹೇಳುವಂಥ ಮಾತಾಗಿರಲಿಲ್ಲ ಅದು…

ಹನುಮಸಾಗರದ ನಮ್ಮ ಸಾಲೆಯಲ್ಲಿ ನಾಲ್ಕನೇ ಇಯತ್ತೆಗೆ ನಮಗೊಬ್ಬ ಅಕ್ಕೋರು ಇದ್ದರು. ಕಲಿಸುವ ಹೆಂಗಸರಿಗೆಲ್ಲ ನಮ್ಮ ಕಡೆ ಅಕ್ಕೋರು ಎಂದೇ ಅನ್ನುವುದು. ಆದರೆ ನನಗೆ ಆ ಶಬ್ದದಿಂದ ನೆನಪಾಗುವುದು ಅವರೊಬ್ಬರೇ. ಮದುವೆಯಾಗದೆ ಉಳಿದವರು. ಗಂಡ ತೀರಿಕೊಂಡ ತಂಗಿಯನ್ನು ಮನೆಗೆ ಕರೆತಂದು ಇಟ್ಟುಕೊಂಡಿದ್ದರು. ಆ ತಂಗಿಗೆ ನಮ್ಮ ಓಣಿಯ ಹುಡುಗರೆಲ್ಲ ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆವು. ಅಕ್ಕೋರ ಮುಡಿಯಲ್ಲಿ ದಿನವೂ ಮಲ್ಲಿಗೆ, ಎರಡೂ ಕೈತುಂಬ ಗಾಜಿನ ಬಳೆ. ಕರಿಹಲಗೆಗೆ ತಾವೇ ತೊಂಡೆಸೊಪ್ಪು, ಇದ್ದಿಲು ತಿಕ್ಕಿ ಕಪ್ಪು ಮಾಡುತ್ತಿದ್ದರಿಂದ ಅವರ ಸೆರಗಿಗೆ ಹಸಿ ಎಲೆಯ ವಾಸನೆಯೂ ಇರುತ್ತಿತ್ತು. ನಮ್ಮನ್ನು ಹೆಸರು ಹಿಡಿದು ಕರೆಯುತ್ತಿದ್ದುದು ಕಡಿಮೆ, ಹಾಜರಿ ಪುಸ್ತಕದ ನಂಬರಿನಿಂದಲೇ ಕರೆಯುವುದು. ನಾನು ಹದಿನಾಲ್ಕು. "ಹದಿನಾಲ್ಕು, ಮೂಗ ಒರಸ್ಕೊ" ಎನ್ನುವುದು ನಾನು ಅವರಿಂದ ದಿನಕ್ಕೆರಡು ಸಲ ಕೇಳುತ್ತಿದ್ದ ಮಾತು.

ಅದು ೧೯೯೭. ಆ ವರ್ಷ ಕೊಪ್ಪಳ ಜಿಲ್ಲೆಯಾಯಿತು. ಅಲ್ಲಿಯವರೆಗೆ ನಾವು ರಾಯಚೂರಿನವರು. ಒಂದನೇ ಇಯತ್ತೆಯಿಂದಲೂ "ನಮ್ಮ ಜಿಲ್ಲಾ ರಾಯಚೂರು" ಎಂದು ಕೈಕಟ್ಟಿ ಕೂಗಿ ಕೂಗಿ ನಾಲಗೆಗೆ ಅದು ಮೆತ್ತಿಕೊಂಡಿತ್ತು. ಒಂದು ದಿನ ಅಕ್ಕೋರು ಗೋಡೆಯ ನಕಾಶೆಯ ಮೇಲೆ ರಾಯಚೂರಿನ ಅಕ್ಷರಕ್ಕೆ ಬಿಳಿ ಕಾಗದ ಅಂಟಿಸಿ ಕೊಪ್ಪಳ ಎಂದು ಬರೆದರು. ವಾರವಿಡೀ ಕೊಪ್ಪಳ ಕೊಪ್ಪಳ ಎಂದು ಕೂಗಿಸಿದರು. ಸಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಸಾಹೇಬರು ಬರುವವರಿದ್ದರು, ಅವರು ಇದನ್ನೇ ಕೇಳುತ್ತಾರೆಂದು ಅಕ್ಕೋರಿಗೆ ಖಾತ್ರಿಯಿತ್ತು. ಸಾಹೇಬರು ಭೇಟಿ ಪುಸ್ತಕದಲ್ಲಿ ಕೆಟ್ಟದಾಗಿ ಬರೆದರೆ ಎತ್ತಂಗಡಿ. ಗಂಗಾವತಿಯ ಕಾಲುವೆಯ ಕಡೆ ಯಾವುದಾದರೂ ದೂರದ ಕ್ಯಾಂಪಿನ ಸಾಲೆಗೆ ಒಗೆದರೆ ಮನೆಯಲ್ಲಿರುವ ತಂಗಿಯ ಗತಿ ಏನು ಎನ್ನುವುದೊಂದೇ ಅವರ ಚಿಂತೆ. ಎತ್ತಂಗಡಿ ಎನ್ನುವ ಶಬ್ದ ಅವರ ಬಾಯಲ್ಲಿ ಎಷ್ಟು ಸಲ ಬರುತ್ತಿತ್ತೆಂದರೆ ನಾವು ಅದನ್ನು ಯಾವುದೋ ರೋಗವೆಂದೇ ತಿಳಿದಿದ್ದೆವು.

ಸಾಹೇಬರು ಬರುವ ಹಿಂದಿನ ದಿನ ಅಕ್ಕೋರು ಬಾಗಿಲು ಮುಂದೆ ಮಾಡಿ ನಮಗೊಂದು ಪಾಠ ಹೇಳಿಕೊಟ್ಟರು. "ಸಾಹೇಬ್ರ ಹಿಂದ ನಾ ನಿಂತಿರ್ತೀನಿ. ನೀವು ಹೇಳೂದು ಸರಿ ಇದ್ರ ಸುಮ್ನ ನಿಂದರ್ತೀನಿ. ತಪ್ಪಿತ್ತಂದ್ರ ಬಳಿ ಸಪ್ಪಳ ಮಾಡ್ತೀನಿ. ಸಪ್ಪಳ ಕೇಳಿದ ಕೂಡ್ಲೆ ಬಾಯಿ ಮುಚ್ಚಿ ಇನ್ನೊಮ್ಮಿ ವಿಚಾರ ಮಾಡ್ರಿ" ಎಂದರು. ಸಂಜೆಯವರೆಗೆ ಅದನ್ನೇ ಆಡಿಸಿದರು. ಅರ್ಧ ಹುಡುಗರು ಸರಿ ಉತ್ತರ ಹೇಳಿಯೂ ಬಳೆಯ ಸಪ್ಪಳಕ್ಕಾಗಿ ಬಾಯಿ ತೆರೆದು ಕಾಯುತ್ತಿದ್ದರು.

ಸಾಹೇಬರು ನನ್ನನ್ನೇ ಎಬ್ಬಿಸಿದರು. ನಮ್ಮ ಜಿಲ್ಲೆ ಯಾವುದು? ವಾರ ಪೂರ್ತಿ ಕೂಗಿದ್ದೆಲ್ಲ ಎಲ್ಲಿ ಹೋಯಿತೋ, ನನ್ನ ಬಾಯಿಂದ "ರಾಯ…" ಎಂದು ಹೊರಟಿತು. ಸಾಹೇಬರ ಬೆನ್ನ ಹಿಂದೆ ಝಲ್ ಎಂದಿತು. ನಾನು ಬಾಯಿ ಮುಚ್ಚಿ, ಉಗುಳು ನುಂಗಿ, "ಕೊಪ್ಪಳರೀ" ಎಂದೆ. ಸಾಹೇಬರು ನಕ್ಕರು. ಹಿಂದೆ ತಿರುಗದೆಯೇ, "ಅಕ್ಕೋರ, ನಿಮ್ಮ ಬಳಿ ಭಾಳ ಶ್ಯಾಣ್ಯಾ ಅದಾವ್ರಿ" ಎಂದರು. ಅಷ್ಟು ಹೇಳಿಯೂ ಭೇಟಿ ಪುಸ್ತಕದಲ್ಲಿ ಒಳ್ಳೆಯದನ್ನೇ ಬರೆದು ಹೋದರು. ಅವರು ಹೋದ ಮೇಲೆ ಅಕ್ಕೋರು ಕುರ್ಚಿಯಲ್ಲಿ ಕುಸಿದು ಒಂದು ತಂಬಿಗೆ ನೀರು ಕುಡಿದು, ನನ್ನ ತಲೆ ಸವರಿದರು. "ಹದಿನಾಲ್ಕು, ನನ್ನ ಎತ್ತಂಗಡಿ ತಪ್ಪಿಸಿದಿ ನೋಡು" ಎಂದರು. ತಪ್ಪಿಸಿದ್ದು ಅವರ ಬಳೆ. ಹೊಗಳಿಕೆ ಮಾತ್ರ ನನಗೆ ಸಿಕ್ಕಿತು.

ನಾನು ಓದಿ ನರ್ಸ್ ಆದೆ, ಕುಷ್ಟಗಿಯ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಐದಾರು ವರ್ಷಗಳ ಮೇಲೆ ಕೆಲಸದಲ್ಲಿರುವ ನರ್ಸುಗಳಿಗೆಂದು ಒಂದು ಸ್ನಾತಕೋತ್ತರ ಕೋರ್ಸ್ ಶುರುವಾಯಿತು. ಮರೆವಿನ ಕಾಯಿಲೆಯವರ ಆರೈಕೆ ಅದರ ವಿಷಯ. ಎರಡು ವರ್ಷ, ಪ್ರತಿ ರವಿವಾರ ಕೊಪ್ಪಳದ ಒಂದು ಬಾಡಿಗೆ ಹಾಲಿನಲ್ಲಿ ಕ್ಲಾಸು. ಪಾಸಾದರೆ ವಾರ್ಡಿನ ರಾತ್ರಿ ಪಾಳಿಯಿಂದ ಬಿಡುಗಡೆ, ತರಬೇತಿ ಕೊಡುವ ಹುದ್ದೆ. ನಾನು ಸೇರಿದ್ದು ಆ ಹುದ್ದೆಯ ಆಸೆಗೆ. ಮುದುಕರ ಮೇಲಿನ ಕನಿಕರಕ್ಕೆ ಸೇರಿದೆ ಎಂದು ಅರ್ಜಿಯಲ್ಲಿ ಬರೆದಿದ್ದೆ, ಅದು ಶುದ್ಧ ಸುಳ್ಳು.

ಆ ಕ್ಲಾಸುಗಳನ್ನು ನೆನೆಸಿಕೊಂಡರೆ ಈಗಲೂ ಮೈಯೆಲ್ಲ ಜಿಡ್ಡು ಹತ್ತಿದಂತಾಗುತ್ತದೆ. ಪರದೆಯ ಮೇಲೆ ಯಾವುದೋ ದೇಶದ ತೋಟದಲ್ಲಿ ಬಿಳಿಗೂದಲಿನ ಅಜ್ಜ ಅಜ್ಜಿ ಹಲ್ಲು ತೋರಿಸಿ ನಗುತ್ತಿರುತ್ತಿದ್ದರು. ಅದರ ಕೆಳಗೆ ಪ್ರೀತಿ, ಸಹನೆ, ಘನತೆ ಎಂದು ಬಣ್ಣದ ಅಕ್ಷರ. ನಮಗೆ ಕಲಿಸುತ್ತಿದ್ದ ಪ್ರಾಧ್ಯಾಪಕರು ಒಳ್ಳೆಯ ಮಾತುಗಾರರು, ಮೆದುಳಿನ ಯಾವ ಭಾಗ ಹೇಗೆ ಸವೆಯುತ್ತದೆ ಎಂಬುದನ್ನು ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದರು. ಆ ಎರಡು ವರ್ಷಗಳಲ್ಲಿ ಒಬ್ಬ ಮುದುಕಿಯ ಒದ್ದೆ ಸೀರೆಯನ್ನು ಆಕೆಗೆ ನಾಚಿಕೆಯಾಗದ ಹಾಗೆ ಬದಲಿಸುವುದು ಹೇಗೆ ಎಂದು ಮಾತ್ರ ಯಾರೂ ಕಲಿಸಲಿಲ್ಲ. ಮಧ್ಯಾಹ್ನ ಊಟ, ಜಿಲೇಬಿ, ಬ್ಯಾನರ್ ಹಿಡಿದು ಫೋಟೋ. ನಾನು ಎಲ್ಲ ಫೋಟೋದಲ್ಲೂ ಮುಂದಿನ ಸಾಲಿನಲ್ಲೇ ಇದ್ದೇನೆ.

ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ಒಬ್ಬ ರೋಗಿಯನ್ನು ಹಾಲಿಗೆ ಕರೆತರಬೇಕಿತ್ತು. ಎಲ್ಲರ ಎದುರು ಪ್ರಾಧ್ಯಾಪಕರು ಆ ರೋಗಿಗೆ ಮೂವತ್ತು ಅಂಕದ ಒಂದು ಪತ್ರಿಕೆಯ ಪ್ರಶ್ನೆಗಳನ್ನು ಕೇಳುತ್ತಾರೆ, ನಂತರ ನಾವು ಆ ರೋಗಿಯ ಬಗ್ಗೆ ಸ್ಲೈಡ್ ಹಾಕಿ ಮಾತಾಡಬೇಕು. ಅದಕ್ಕೆ ನೂರು ಅಂಕ. ಎರಡು ನಿಯಮಗಳಿದ್ದವು. ರೋಗಿ ಪರಿಚಯದವರಾಗಿರಬಾರದು. ಪ್ರಶ್ನೆ ಕೇಳುವಾಗ ಯಾರೂ ಸುಳಿವು ಕೊಡಬಾರದು. ಪತ್ರಿಕೆ ಕೆಟ್ಟದ್ದೇನಲ್ಲ, ಡಾಕ್ಟರಿಗೆ ಅದು ಬೇಕಾಗುತ್ತದೆ, ಮುಚ್ಚಿದ ಕೋಣೆಯಲ್ಲಿ ಸಮಾಧಾನದಿಂದ ಕೇಳಿದರೆ. ನಲವತ್ತು ಜನರೆದುರು ಕುರ್ಚಿ ಹಾಕಿ ಕೂರಿಸಿ ಕೇಳುವುದಕ್ಕೆ ಏನೆನ್ನಬೇಕೋ ನನಗೆ ಆಗ ಹೊಳೆಯಲಿಲ್ಲ. ಕೋತಿ ಆಡಿಸುವುದು ಎನ್ನಬೇಕಿತ್ತು.

ಅಕ್ಕೋರಿಗೆ ಮರೆವು ಹತ್ತಿದೆ ಎಂದು ಊರಿನಿಂದ ಸುದ್ದಿ ಬಂದದ್ದು ಅದೇ ಸಮಯಕ್ಕೆ. ಸುದ್ದಿ ಕೇಳಿದಾಗ ನನಗೆ ಮೊದಲು ಆದದ್ದು ದುಃಖವಲ್ಲ. ಕೇಸ್ ಸಿಕ್ಕಿತು ಎಂದು ಖುಷಿಯಾಯಿತು. ಇದನ್ನು ಬರೆಯದೆ ಬಿಟ್ಟರೆ ಮತ್ತೆ ಸುಳ್ಳಾಗುತ್ತದೆ.

ಹನುಮಸಾಗರಕ್ಕೆ ಹೋದೆ. ಚಿಗವ್ವ ನನ್ನನ್ನು ಗುರುತು ಹಿಡಿದು ಚಹಾ ಮಾಡಿಕೊಟ್ಟಳು. ಅಕ್ಕೋರು ಹೊರಸಿನ ಮೇಲೆ ಕುಳಿತಿದ್ದರು. ಇಸ್ತ್ರಿ ಸೀರೆ, ಮುಡಿಯಲ್ಲಿ ಮಲ್ಲಿಗೆ, ಕೈಯಲ್ಲಿ ಬಳೆ, ಎಲ್ಲ ಮೊದಲಿನಂತೆಯೇ. ಕೂದಲು ಮಾತ್ರ ಪೂರ್ತಿ ಬೆಳ್ಳಗಾಗಿತ್ತು. ಚಿಗವ್ವ ಅವರ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, "ಅಕ್ಕಾ, ನಾ ನಿನ್ನ ತಂಗಿ. ಇವತ್ತ ಶುಕ್ರವಾರ. ರೊಟ್ಟಿ ತಿಂದಿ, ಈಗ ಚಾ ಕುಡಿತಿ. ಇಕಿ ನಿನ್ನ ಕೈಯಾಗ ಕಲತ ಹುಡುಗಿ" ಎಂದು ಒಂದೇ ಉಸಿರಿಗೆ ಹೇಳಿದಳು. ಅಕ್ಕೋರು ಎಲ್ಲ ತಿಳಿದವರ ಹಾಗೆ ತಲೆಯಾಡಿಸಿ ಬಟ್ಟಲು ತೆಗೆದುಕೊಂಡರು.

ನಾನು ಪುಸ್ತಕದಲ್ಲಿ ಓದಿದ ಹಾಗೆ, "ಅಕ್ಕೋರ, ಮುಂಜಾನಿ ಏನ್ ತಿಂದ್ರಿ?" ಎಂದು ಕೇಳಹೋದೆ. ಚಿಗವ್ವ ನನ್ನ ತೊಡೆಗೆ ಮೆಲ್ಲಗೆ ಹೊಡೆದಳು. "ಕೇಳಬಾರದವ್ವ. ಕೇಳಿದ್ರ ಆಕಿಗೆ ನಾಚಿಕಿ ಆಕೈತಿ. ಮೊದ್ಲ ನಾವ ಹೇಳಿಬಿಡಬೇಕು" ಎಂದಳು. ಸಾಲೆಯ ಮೆಟ್ಟಿಲು ಹತ್ತದ ಹೆಂಗಸು. ನನ್ನ ಎರಡು ವರ್ಷದ ಕೋರ್ಸ್‌ನಲ್ಲಿ ಇಲ್ಲದ ಮಾತು ಅವಳ ಬಾಯಲ್ಲಿತ್ತು. ನಾನೇನು ಮಾಡಿದೆ? ವರದಿಯಲ್ಲಿ "ಕುಟುಂಬದವರಿಗೆ ವೈಜ್ಞಾನಿಕ ತಿಳುವಳಿಕೆ ಇಲ್ಲ" ಎಂದು ಬರೆದೆ.

ದೊಡ್ಡ ಡಾಕ್ಟರ್ ನೋಡುತ್ತಾರೆ, ಔಷಧಿ ಬರೆದುಕೊಡುತ್ತಾರೆ ಎಂದು ಚಿಗವ್ವನನ್ನು ನಂಬಿಸಿದೆ. ಎರಡು ಪುಟದ ಒಪ್ಪಿಗೆ ಪತ್ರದಲ್ಲಿ ಮೂರು ಸಾಲು ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ. ರವಿವಾರ ಬೆಳಿಗ್ಗೆ ಕರೆದೊಯ್ಯಲು ಹೋದಾಗ ಅಕ್ಕೋರು ಹೊಸ್ತಿಲು ದಾಟಲು ಒಲ್ಲೆ ಎಂದರು. ಆಗ ನಾನು, "ಸಾಲಿಗೆ ಹೋಗೂಣ್ರಿ ಅಕ್ಕೋರ, ಹೊತ್ತಾತು" ಎಂದೆ. ತಟ್ಟನೆ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡರು. ಚಿಗವ್ವನೂ ಬರುತ್ತೇನೆಂದಳು. ಬೇಡ, ಸಂಜೆಗೆ ನಾನೇ ಬಿಡುತ್ತೇನೆ ಎಂದೆ. ಅವಳಿದ್ದರೆ ಉತ್ತರ ಮೊದಲೇ ಹೇಳಿಬಿಡುತ್ತಾಳೆಂಬ ಅಂಜಿಕೆ ನನಗೆ.

ಬಸ್ಸು ಕುಷ್ಟಗಿ ದಾಟಿತ್ತು. ಅಕ್ಕೋರು ಕಿಟಕಿಯ ಹೊರಗೆ ನೋಡುತ್ತಲೇ ಹಾಜರಿ ಕೂಗತೊಡಗಿದರು. ಒಂದು, ಎರಡು, ಮೂರು ಎಂದು ನಂಬರು, ನಂಬರಿನ ಜೊತೆ ಹೆಸರು. ಎಲ್ಲ ನಮ್ಮ ಇಯತ್ತೆಯ ಹುಡುಗರು, ಒಂದೂ ಹಿಂದುಮುಂದಾಗಲಿಲ್ಲ. ಹನ್ನೊಂದನೆಯವನ ಹೆಸರು ಕೂಗಿ, "ಜ್ವರ ಬಂದಾವ ಅವಗ" ಎಂದು ತಾವೇ ಹೇಳಿಕೊಂಡರು. ಹದಿನಾಲ್ಕು ಎಂದಾಗ ನನಗೆ ಅರಿವಿಲ್ಲದೆ, "ಹಾಜರ್ರಿ ಅಕ್ಕೋರ" ಎಂದುಬಿಟ್ಟೆ. ಅವರು ತಿರುಗಿ ನನ್ನನ್ನು ನೋಡಿದರು. ಪೂರ್ತಿ ನೋಡಿದರು. "ಹದಿನಾಲ್ಕು, ಮೂಗ ಒರಸ್ಕೊ" ಎಂದರು. ಬಸ್ಸಿನಲ್ಲಿ ಅತ್ತೆ. ಅತ್ತೆ, ಆದರೆ ಇಳಿದು ವಾಪಸ್ ಹೋಗಲಿಲ್ಲ. ಕಣ್ಣು ಒರೆಸಿಕೊಂಡು ಸ್ಲೈಡುಗಳ ಕ್ರಮ ನೆನಪು ಮಾಡಿಕೊಂಡೆ.

ಹಾಲಿನಲ್ಲಿ ನಲವತ್ತು ಜನ. ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿ. ಅಕ್ಕೋರನ್ನು ಅದರಲ್ಲಿ ಕೂರಿಸಿದೆ. ಎದುರಿಗೆ ಪ್ರಾಧ್ಯಾಪಕರು, ಕೈಯಲ್ಲಿ ಕಾಗದ, ಪೆನ್ನು. ಪ್ರಾಧ್ಯಾಪಕರ ಬೆನ್ನ ಹಿಂದೆ ನಿಲ್ಲಲು ನನಗೆ ಹೇಳಿದರು. ಅಕ್ಕೋರು ಕಾಗದ, ಪೆನ್ನು, ಟೈ ಎಲ್ಲವನ್ನೂ ನೋಡಿದರು. ಧಡಕ್ಕನೆ ಎದ್ದು ನಿಂತು ಸೆರಗು ಹೊದ್ದುಕೊಂಡು ಕೈಮುಗಿದರು. "ನಮಸ್ಕಾರ್ರಿ ಸಾಹೇಬ್ರ, ಮುಂಚಿತ ತಿಳಿಸಿದ್ರ ಚಾ ಮಾಡಿಸ್ತಿದ್ದೆ" ಎಂದರು. ಯಾರೋ ಕಿಸಕ್ಕೆಂದರು. ಅಕ್ಕೋರ ಪಾಲಿಗೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಿದ್ದರು. ಇಡೀ ಹಾಲಿನಲ್ಲಿ ಅದು ತಿಳಿದದ್ದು ನನಗೊಬ್ಬಳಿಗೇ.

"ಅಜ್ಜಿ, ಇವತ್ತು ಯಾವ ವಾರ?" ಎಂದು ಪ್ರಾಧ್ಯಾಪಕರು ಕೇಳಿದರು. "ರವಿವಾರ ಅಂತ ತಂಗಿ ಹೇಳ್ಯಾಳ್ರಿ. ರವಿವಾರ ಸಾಲಿ ಯಾಕ ತಗದಾರ್ರಿ ಸಾಹೇಬ್ರ?" ಎಂದರು ಅಕ್ಕೋರು. ಮತ್ತೆ ನಗು. ಆ ಹಾಲಿನಲ್ಲಿ ಆ ದಿನ ಕೇಳಿದ ಪ್ರಶ್ನೆಗಳಲ್ಲಿ ಅರ್ಥವಿದ್ದ ಪ್ರಶ್ನೆ ಅದೊಂದೇ. ವರ್ಷ ಕೇಳಿದಾಗ ಸುಮ್ಮನಾದರು. ತಿಂಗಳು ಕೇಳಿದಾಗ ಸುಮ್ಮನಾದರು. ನೂರರಲ್ಲಿ ಏಳು ಕಳೆಯಿರಿ ಎಂದಾಗ ಸೆರಗಿನ ಒಳಗೆ ಬೆರಳು ಎಣಿಸುವುದು ನನಗೆ ಕಾಣುತ್ತಿತ್ತು. ನಮಗೆ ಮಗ್ಗಿ ಕಲಿಸಿದ ಬೆರಳುಗಳು ಅವು. ಅರ್ಧಕ್ಕೆ ನಿಂತವು.

ಆಮೇಲೆ ಆ ಪ್ರಶ್ನೆ ಬಂತು. "ನಾವೀಗ ಯಾವ ಜಿಲ್ಲೆಯಲ್ಲಿದ್ದೇವೆ?"

"ರಾಯಚೂರು" ಎಂದರು ಅಕ್ಕೋರು.

ಪೆನ್ನು ಕಾಗದದ ಕಡೆ ಇಳಿಯಿತು. ಅಕ್ಕೋರು ಅದನ್ನು ನೋಡಿದರು. ಪೆನ್ನು ಹಾಗೆ ಇಳಿದರೆ ಏನಾಗುತ್ತದೆಂದು ಮೂವತ್ತು ವರ್ಷ ಕಂಡವರು. ತಲೆಯೆತ್ತಿ ಪ್ರಾಧ್ಯಾಪಕರ ಹೆಗಲ ಮೇಲಿಂದ ನನ್ನ ಕಡೆ ನೋಡಿದರು. ನನ್ನ ಮುಖವನ್ನಲ್ಲ, ನನ್ನ ಕೈಯನ್ನು. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಎಡಗೈ ತುಂಬ ಹಸಿರು ಬಳೆ. ಅಕ್ಕೋರು ಕಿವಿಗೊಟ್ಟು ಕಾಯುತ್ತಿದ್ದರು. ಸುಳಿವು ಕೊಟ್ಟರೆ ಕೇಸ್ ರದ್ದು. ನಾನು ಬಲಗೈಯಿಂದ ಬಳೆಗಳನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅಪ್ಪಿತಪ್ಪಿಯೂ ಸಪ್ಪಳವಾಗಬಾರದೆಂದು.

ಸಪ್ಪಳವಾಗಲಿಲ್ಲ. ಆಗಲಿಲ್ಲವೆಂದರೆ ಉತ್ತರ ಸರಿ. ಅವರೇ ಮಾಡಿದ ನಿಯಮ ಅದು. ಅಕ್ಕೋರ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿಕೊಂಡು, ಹಿಂದಿನ ಬೆಂಚಿನವರಿಗೂ ಕೇಳುವಂತೆ, "ನಮ್ಮ ಜಿಲ್ಲಾ ರಾಯಚೂರುರೀ ಸಾಹೇಬ್ರ!" ಎಂದು ದೊಡ್ಡ ದನಿಯಲ್ಲಿ ಹೇಳಿದರು.

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಪ್ರಾಧ್ಯಾಪಕರೂ ನಕ್ಕು, "ತಪ್ಪು ಅಜ್ಜಿ, ತಪ್ಪು" ಎಂದರು. ಅಕ್ಕೋರ ಮುಖ ಆಗ ಹೇಗಾಯಿತೋ ಅದನ್ನು ನಾನು ಬರೆಯಲಾರೆ… ಮತ್ತೆ ನನ್ನ ಕೈ ನೋಡಿದರು. ಕೈಮುಗಿದರು. "ಹುಡುಗರು ಛಲೋ ಓದ್ತಾರ್ರಿ ಸಾಹೇಬ್ರ, ತಪ್ಪು ನಂದೈತ್ರಿ. ಹದಿನಾಲ್ಕ ನಂಬರಿನಾಕಿನ್ನ ಕೇಳ್ರಿ, ಅಲ್ಲೇ ನಿಂತಾಳ, ಆಕಿ ಹೇಳ್ತಾಳ್ರಿ. ನನ್ನ ಎತ್ತಂಗಡಿ ಮಾಡಬ್ಯಾಡ್ರಿ" ಎಂದರು.

ಪ್ರಾಧ್ಯಾಪಕರು ನನ್ನ ಕಡೆ ತಿರುಗಿದರು. "ಯಾರದು ಹದಿನಾಲ್ಕು?"

"ಗೊತ್ತಿಲ್ಲ ಸರ್" ಎಂದೆ.

ಪರಿಚಯವಿದೆ ಎಂದು ತಿಳಿದರೆ ಅಂಕ ಹೋಗುತ್ತಿತ್ತು. ಆ ಒಂದು ಮಾತಿಗೆ ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ, ನಾಲಗೆಯ ತುದಿಯಲ್ಲೇ ಇತ್ತು. ಇಲ್ಲದ್ದನ್ನು ಮೆದುಳು ಕಟ್ಟಿ ಹೇಳುವುದು ಈ ಕಾಯಿಲೆಯ ಲಕ್ಷಣ, ಬರೆದುಕೊಳ್ಳಿ ಎಂದರು ಪ್ರಾಧ್ಯಾಪಕರು. ನಲವತ್ತು ಜನ ತಲೆ ಬಗ್ಗಿಸಿ ನನ್ನನ್ನು ಇಲ್ಲದವಳೆಂದು ಬರೆದುಕೊಂಡರು.

ಆಗ ಕುರ್ಚಿಯ ಕೆಳಗೆ ನೀರು ಹರಿದು ಬಂತು. ಅಕ್ಕೋರು ಕಾಲು ಎಳೆದುಕೊಂಡು, ಸೀರೆಯ ಅಂಚು ಕೆಳಗೆಳೆದು ಅದನ್ನು ಮುಚ್ಚಲು ನೋಡುತ್ತಿದ್ದರು. ಮುಂದಿನ ಸಾಲಿನವರು ಕರವಸ್ತ್ರ ಮೂಗಿಗೆ ಹಿಡಿದರು. ನರ್ಸುಗಳು! ದಿನಬೆಳಗಾದರೆ ಅದರಲ್ಲೇ ಕೈಯಾಡಿಸುವವರು. ಕಸ ಗುಡಿಸುವ ಆಯಾ ಓಡಿಬಂದು, ಏನೂ ಆಗಿಲ್ಲವೆಂಬಂತೆ ಅಕ್ಕೋರ ಹೆಗಲು ಹಿಡಿದು, "ಬರ್ರಿ ನಮ್ಮವ್ವ, ನೀರು ಚೆಲ್ಯಾರ ಯಾರೋ, ಸೀರಿ ತೊಯ್ತು" ಎಂದು ಹೊರಗೆ ಕರೆದೊಯ್ದಳು. ಬಾಗಿಲು ದಾಟುವಾಗ ಅಕ್ಕೋರು ಒಮ್ಮೆ ತಿರುಗಿದರು. ಜವಾನ ಬಂದು ನೆಲ ಒರೆಸಿ, ಡಬ್ಬಿ ತಂದು ಮಲ್ಲಿಗೆ ಹೊಡೆದ. ಕುರ್ಚಿಯ ಪಕ್ಕದಲ್ಲಿ ಅಕ್ಕೋರ ಮುಡಿಯಿಂದ ಬಿದ್ದ ನಿಜವಾದ ಮಲ್ಲಿಗೆ ಎರಡು ಎಸಳು ಒದ್ದೆಯಲ್ಲಿ ಮೆತ್ತಿಕೊಂಡಿದ್ದವು, ಅವೂ ಒರೆಸುವ ಬಟ್ಟೆಯೊಳಗೆ ಹೋದವು. ಪ್ರಾಧ್ಯಾಪಕರು "ಮುಂದುವರಿಸಿ" ಎಂದರು. ನಾನು ಮುಂದುವರಿಸಿದೆ. ಮೊದಲ ಸ್ಲೈಡ್ ಹಾಕಿದೆ. ಅದರ ಶೀರ್ಷಿಕೆ ಹೇಳಲು ನನಗೆ ಇಂದಿಗೂ ಹೇಸಿಗೆ. "ರೋಗಿಯ ಘನತೆ" ಎಂದಿತ್ತು.

ಅಕ್ಕೋರಿಗೆ ಮೂವತ್ತಕ್ಕೆ ಒಂಬತ್ತು ಬಂತು. ನನಗೆ ನೂರಕ್ಕೆ ತೊಂಬತ್ತೆರಡು.

ಸಂಜೆ ಹನುಮಸಾಗರದಲ್ಲಿ ಬಸ್ಸಿಳಿದಾಗ ಅಕ್ಕೋರ ಮೈಮೇಲೆ ಆಯಾ ಕೊಟ್ಟ ಹಳೆಯ ಸೀರೆಯಿತ್ತು, ಅವರ ಸೀರೆ ನನ್ನ ಕೈಯ ಪ್ಲಾಸ್ಟಿಕ್ ಚೀಲದಲ್ಲಿತ್ತು. ಚಿಗವ್ವ ಚೀಲ ತೆಗೆದುಕೊಂಡು ಒಳಗೆ ನೋಡಿದಳು, ಬೈಯಲಿಲ್ಲ. ಏನು ಕೇಳಿದರು ಎಂದಳು. ಜಿಲ್ಲೆ ಯಾವುದೆಂದು ಕೇಳಿದರು ಎಂದೆ. "ನೀ ಬಾಜೂಕ ಇದ್ದೆಲ್ಲ, ಹೇಳಿಕೊಡಬೇಕಿತ್ತಿಲ್ಲ?" ಎಂದಳು.

"ಹೇಳಿಕೊಟ್ರ ಮಾರ್ಕ್ಸ್ ಹೋಕ್ಕಾವ ಚಿಗವ್ವ."

"ಯಾರ ಮಾರ್ಕ್ಸ್?"

 ಅವಳು ಮತ್ತೆ ಕೇಳಲಿಲ್ಲ, ಕೇಳಿ ನಾಚಿಸುವ ರೂಢಿ ಅವಳಿಗಿರಲಿಲ್ಲ. ಔಷಧಿ ಚೀಟಿ ಎಲ್ಲಿ ಎಂದಾಗ ನನ್ನ ಬ್ಯಾಗಿನಿಂದ ಅಕ್ಕೋರ ಅಂಕಪತ್ರಿಕೆಯ ಒಂದು ಪ್ರತಿ ತೆಗೆದುಕೊಟ್ಟೆ. ಕುಟುಂಬಕ್ಕೊಂದು ಪ್ರತಿ ಕೊಡಬೇಕೆಂಬುದು ನಿಯಮ. ಮೇಲೆ ಲಾಂಛನ, ಕೆಳಗೆ ನೀಲಿ ಗುಂಡು ಸಿಕ್ಕಾ, ನಡುವೆ ಕೆಂಪು ಮಸಿಯಲ್ಲಿ ಸುತ್ತುಹಾಕಿದ ಮೂವತ್ತಕ್ಕೆ ಒಂಬತ್ತು. ಎಲ್ಲ ನಿಯಮಗಳನ್ನೂ ಪಾಲಿಸಿದ ಸಮಾಧಾನದಿಂದ ಕುಷ್ಟಗಿಯ ಬಸ್ಸು ಹತ್ತಿದೆ.

ಮತ್ತೆ ಆ ಮನೆಗೆ ಹೋದದ್ದು ಎರಡು ವರ್ಷದ ಮೇಲೆ, ಅಕ್ಕೋರು ತೀರಿಕೊಂಡ ಸುದ್ದಿ ತಿಳಿದು. ಅದೂ ದಿನ ಕರ್ಮ ಎಲ್ಲ ಮುಗಿದ ಮೇಲೆ. ಅಷ್ಟರಲ್ಲಿ ನನಗೆ ಪದವಿ ಬಂದಿತ್ತು, ಹುದ್ದೆ ಬಂದಿತ್ತು, ಪದವಿ ಪತ್ರಕ್ಕೆ ಚೌಕಟ್ಟು ಹಾಕಿಸಿ ಮನೆಯ ಗೋಡೆಗೆ ಮೊಳೆ ಹೊಡೆದಿದ್ದೂ ಆಗಿತ್ತು. ಚಿಗವ್ವ ಹೊರಸಿನ ಮೇಲೆ ಅಕ್ಕೋರು ಕೂರುತ್ತಿದ್ದ ಜಾಗ ಬಿಟ್ಟು ಕುಳಿತಿದ್ದಳು. ತಾನಾಗಿಯೇ ಎಲ್ಲ ಹೇಳಿದಳು.

ಕೊಪ್ಪಳದಿಂದ ಬಂದ ಮರುದಿನದಿಂದ ಅಕ್ಕೋರು ಬೆಳಗಾದರೆ ಬ್ಯಾಗು ಹಿಡಿದು ಬಾಗಿಲಲ್ಲಿ ಕೂರತೊಡಗಿದರಂತೆ. ಎತ್ತಂಗಡಿಯ ಆರ್ಡರ್ ಬರುತ್ತದೆ, ತಂಗಿಯನ್ನು ಯಾರ ಮನೆಯಲ್ಲಿ ಬಿಡಲಿ ಎಂದು ಅಳುವುದು. ಊಟ ಬಿಟ್ಟರು. ಮುಡಿಗೆ ಹೂವು ಮುಟ್ಟಿಸಗೊಡಲಿಲ್ಲ. ವಾರ ಹತ್ತು ದಿನ ನೋಡಿದ ಚಿಗವ್ವ ಕೊನೆಗೆ ನಾನು ಕೊಟ್ಟಿದ್ದ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು, ಸಿಕ್ಕಾ ತೋರಿಸಿ, ಓದುವವಳ ಹಾಗೆ ಬೆರಳಿಟ್ಟು ಹೇಳಿದಳಂತೆ. "ಆರ್ಡರ್ ಬಂದೈತಿ ನೋಡಕ್ಕಾ. ಈ ಅಕ್ಕೋರು ಭಾಳ ಛಲೋ ಕಲಸ್ತಾರ, ಇವ್ರನ್ನ ಎಲ್ಲೂ ಕಳಸಬ್ಯಾಡ್ರಿ, ಹನುಮಸಾಗರದಾಗ ಇರ್ಲಿ ಅಂತ ಬರದಾರ." ಅಂದು ಅಕ್ಕೋರು ಎದ್ದು ಬಂದು ಊಟ ಮಾಡಿದರು. ಮರುದಿನ ಮರೆತು ಮತ್ತೆ ಬಾಗಿಲಲ್ಲಿ. ಮತ್ತೆ ಕಾಗದ. ಹೀಗೆ ಎರಡು ವರ್ಷ, ಒಂದು ದಿನವೂ ತಪ್ಪದೆ, ಕೊನೆಯ ದಿನದ ಬೆಳಿಗ್ಗೆಯವರೆಗೆ.

ಚಿಗವ್ವ ಆ ಕಾಗದವನ್ನು ತಂದು ತೋರಿಸಿದಳು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು, ಹಿಂದೆ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದಳು. ಅವಳಿಗೆ ಓದಲು ಬಾರದಿರುವುದೇ ಒಳ್ಳೆಯದಾಯಿತು ಎಂದುಕೊಳ್ಳುತ್ತಿದ್ದೆ. ಅದು ಅವಳಿಗೆ ನನ್ನ ಮುಖದ ಮೇಲೆ ಕಂಡಿತೋ ಏನೋ.

"ಅಕ್ಷರ ಬರೂದಿಲ್ಲವ್ವ ನನಗ. ಅಂಕಿ ಅಷ್ಟ ಕಲಿಸಿದ್ಲು ಅಕ್ಕ, ಕರೆಂಟ ಬಿಲ್ಲ ನೋಡಾಕ" ಎಂದಳು. ಕೆಂಪು ಸುತ್ತಿನ ಮೇಲೆ ಬೆರಳಿಟ್ಟಳು. "ಮೂವತ್ತಕ್ಕ ಒಂಬತ್ತು. ಅವತ್ತ ಗೊತ್ತಾತು ನನಗ. ಆಕಿ ಮಾತ್ರ ಯಾ ಹುಡುಗರನ್ನೂ ನಪಾಸ ಮಾಡಿದಾಕಿ ಅಲ್ಲ ನೋಡು."

ಇಷ್ಟೇ. ಬೈಗುಳವಿಲ್ಲ, ಕಣ್ಣೀರಿಲ್ಲ. ಎದ್ದು ಚಹಾಕ್ಕಿಡಲು ಒಳಗೆ ಹೋದಳು. ಆ ಚಹಾ ಕುಡಿದು ಬಂದೆ ನಾನು. ಮನೆಗೆ ಬಂದು ಪದವಿ ಪತ್ರವನ್ನು ಗೋಡೆಯಿಂದ ಇಳಿಸಿದೆ. ಇಳಿಸಿದೆ ಎಂದು ಹೇಳಿಕೊಳ್ಳುವುದರಲ್ಲಿ ದೊಡ್ಡಸ್ತಿಕೆಯೇನಿಲ್ಲ, ಕಪಾಟಿನಲ್ಲಿ ಜೋಪಾನವಾಗಿಯೇ ಇದೆ. ಹುದ್ದೆಯನ್ನೂ ಬಿಟ್ಟಿಲ್ಲ. ಆ ಪದವಿಯ ಬಲದಿಂದಲೇ ಈಗ ಅದೇ ಕೋರ್ಸ್‌ಗೆ ಪರೀಕ್ಷೆ ನಡೆಸಲು ನನ್ನನ್ನು ಕರೆಯುತ್ತಾರೆ. ನಾನು ಹೋಗುತ್ತೇನೆ.

ಕಳೆದ ತಿಂಗಳು ಹೋದದ್ದೂ ಅದಕ್ಕೇ. ಬೇವಿನ ಮರದ ಕೆಳಗೆ ಬಾಯಿ ತೊಳೆದುಕೊಂಡು ಒಳಗೆ ಹೋಗಿ, ಕಿಟಕಿಗಳನ್ನೆಲ್ಲ ತೆರೆಯಲು ಜವಾನನಿಗೆ ಹೇಳಿದೆ. ವಿದ್ಯಾರ್ಥಿಗಳನ್ನು ಹೊರಗೆ ಕೂರಿಸಿ, ರೋಗಿಯನ್ನು ಕರೆತಂದ ಹುಡುಗಿಯನ್ನಷ್ಟೇ ಒಳಗಿಟ್ಟುಕೊಂಡೆ. ರೋಗಿ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯ ಒಬ್ಬ ಅಜ್ಜ, ಕುರಿ ಕಾಯ್ದು ಬಾಳಿದವರು, ಹೆಗಲ ಮೇಲೆ ಕಂಬಳಿ. ಹುಡುಗಿ ಒಂದೊಂದೇ ಪ್ರಶ್ನೆ ಕೇಳುತ್ತ ಬಂದಳು, ನಾನು ಅಂಕ ಹಾಕುತ್ತ ಬಂದೆ. ಯಾವ ಜಿಲ್ಲೆ ಎಂದಾಗ ಅಜ್ಜ ತಡವರಿಸಿದರು. ಕಂಬಳಿಯ ಅಂಚು ಹಿಂಡುತ್ತ ಅತ್ತ ಇತ್ತ ನೋಡಿದರು.

"ಕೊಪ್ಪಳ ಅಲ್ಲೇನ್ರಿ ಯಜ್ಜಾ?" ಎಂದೆ ನಾನು.

"ಹೌದ್ ನೋಡವ್ವ, ಕೊಪ್ಪಳ! ಬಾಯಾಗ ಇತ್ತು" ಎಂದು ಅಜ್ಜ ನಕ್ಕರು. ನಾನು ಒಂದು ಅಂಕ ಹಾಕಿದೆ.

"ಮೇಡಂ, ಹೇಳಿಕೊಡಂಗಿಲ್ಲಲ್ರಿ?" ಎಂದಳು ಹುಡುಗಿ, ಅಂಜುತ್ತಲೇ. ಹೇಳಿಕೊಡುವಂತಿಲ್ಲ, ಖರೆ. ಆ ಅಂಕ ಸುಳ್ಳು, ಅದರಿಂದ ಅಜ್ಜನ ಮೆದುಳಿಗೂ ಲಾಭವಿಲ್ಲ, ಡಾಕ್ಟರಿಗೂ ಲಾಭವಿಲ್ಲ. ಇದೆಲ್ಲ ನನಗೆ ಅವಳಿಗಿಂತ ಚೆನ್ನಾಗಿ ಗೊತ್ತು. "ಬರ್ಕೊ, ಒಂದು" ಎಂದೆ.

ಅಜ್ಜನ ಒಟ್ಟು ಅಂಕ ಹನ್ನೆರಡಾಯಿತು. ಅಕ್ಕೋರದು ಒಂಬತ್ತೇ ಉಳಿಯಿತು.